ಕಾಲುದೆಸೆಯ ದಸ್ತರ್‌ಖಾನ್

ನನ್ನ ನಾದಿನಿ ಕೆಟ್ಟವಳಲ್ಲ ಎಂದು ಮನೆಯವರೆಲ್ಲ ನನಗೆ ಹೇಳುತ್ತಲೇ ಇರುತ್ತಾರೆ. ಇರಬಹುದು. ಆದರೆ ಅವಳ ಹೋಂಸ್ಟೇಯ ಗೇಟಿಗೆ ತೂಗುಹಾಕಿರುವ ‘ಅತಿಥಿ ದೇವೋ ಭವ’ ಎಂಬ ಬೋರ್ಡು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಅದಕ್ಕೆ ಕಾರಣ ಒಂದು ಬಟ್ಟೆ.

ಪೊನ್ನಂಪೇಟೆಯಲ್ಲಿ ನಮ್ಮ ಮನೆಯ ಹಿಂದೆ ಎರಡು ಕೋಣೆಗಳಿವೆ. ಓದಲು ಬರುವ ಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಬಂದವಳು ಅಫ್ಘಾನಿಸ್ತಾನದ ಹೆರಾತ್ ಕಡೆಯ ಹುಡುಗಿ. ಕಾಡು, ಮರಗಳ ಬಗ್ಗೆ ಓದಲು ಬಂದಿದ್ದಳು. ಅವಳು ಇಲ್ಲಿ ಓದುತ್ತಿರುವಾಗಲೇ ಅವಳ ದೇಶದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದರು. ಹೆಣ್ಣು ಪುಸ್ತಕ ಹಿಡಿದರೆ ನಡುಗುವ ಆ ಗಂಡಸರ ಮೇಲೆ ಅವತ್ತು ನನಗೆ ಬಂದ ಸಿಟ್ಟಿಗೆ ಅಡುಗೆಮನೆಯ ಪಾತ್ರೆಗಳೇ ಸಾಕ್ಷಿ. ಅವಳು ಮಾತ್ರ ಸುಮ್ಮನೆ ಕೂತು ಟೀ ಸೋಸುತ್ತಿದ್ದಳು.

ನಮ್ಮ ಬೀದಿಯವರೇನು ಕಡಿಮೆಯೇ? “ಅವರ ಕಡೆ ಮನೆಮನೆಯಲ್ಲೂ ಬಂದೂಕು ಇರ್ತದಂತೆ ಅಕ್ಕಾ, ಹುಷಾರು,” ಎಂದು ನನಗೆ ಬುದ್ಧಿ ಹೇಳಿದರು. ವರ್ಷಕ್ಕೊಮ್ಮೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ನಾಡಿನಲ್ಲಿ ನಿಂತುಕೊಂಡು ಆಡುವ ಮಾತೇ ಇದು? ನನ್ನ ತವರು ಬಯಲುಸೀಮೆಯ ಅಂಚಿನ ಶಿರಂಗಾಲ, ನನ್ನ ಬಾಯಿಯೂ ಸ್ವಲ್ಪ ಜೋರು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಬೇಡ.

ಅವಳು ನನ್ನನ್ನು ‘ಖಾಲಾ’ ಎಂದು ಕರೆಯುತ್ತಿದ್ದಳು. ಅವರಲ್ಲಿ ಅಮ್ಮನ ತಂಗಿಗೆ, ಅಕ್ಕನಿಗೆ ಹಾಗೆನ್ನುತ್ತಾರಂತೆ. ಟಿವಿ ನೋಡಿ ಕಲಿತ ಹಿಂದಿ, ಕ್ಯಾಂಟೀನಿನಲ್ಲಿ ಕಲಿತ ಕನ್ನಡ, ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ನಾನು ಅವಳ ಕೋಣೆಗೆ ಹೋಗಿ ಹರಟೆ ಹೊಡೆದು ಏಳುವಷ್ಟರಲ್ಲಿ, ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಗಳು ಹೊರಗೆ ಮುಖ ಮಾಡಿ ಜೋಡಿಸಿಟ್ಟಿರುತ್ತಿದ್ದವು. ಅತಿಥಿ ಹೊರಡುವಾಗ ಬಗ್ಗಿ ತಿರುಗಿಸಿಕೊಳ್ಳಬಾರದಂತೆ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ, ಮುತ್ತಿಟ್ಟು, ಯಾರ ಕಾಲಿಗೂ ಸಿಗದ ಹಾಗೆ ಕಿಟಕಿಯ ಮೇಲಿಡುತ್ತಿದ್ದಳು. ಹಕ್ಕಿಗಳು ಬಂದು ತಿನ್ನುತ್ತಿದ್ದವು.

ನೆಲದ ಮೇಲೆ ಊಟಕ್ಕೆ ಹಾಸಲು ಅವಳ ಬಳಿ ಒಂದು ಬಟ್ಟೆಯಿತ್ತು. ಅದಕ್ಕೆ ದಸ್ತರ್‌ಖಾನ್ ಎನ್ನುತ್ತಾರೆ. ಬಿಳಿ ಹತ್ತಿ ಬಟ್ಟೆ, ಅಂಚಿಗೆಲ್ಲ ಕೆಂಪು ದಾರದಲ್ಲಿ ದಾಳಿಂಬೆ ಹೂವು. ಮಗಳ ಮದುವೆಗೆಂದು ತಾಯಿ ಕೂತು ಹೊಲಿದದ್ದು. ಮದುವೆಗೆ ಮೊದಲು ಓದು ಎಂದು ಮಗಳು ಹಟ ಹಿಡಿದಾಗ ಅದನ್ನೇ ಮಡಚಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಆ ತಾಯಿಗೆ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುವುದಿಲ್ಲ. ಊಟದ ಹೊತ್ತಿನಲ್ಲಿ ಅದನ್ನು ದಾಟಬಾರದು, ತುಳಿಯಲಂತೂ ಬಾರದು. ಅನ್ನ ಇಡುವ ಜಾಗ ಅದು. ನಾವು ಬಾಳೆಲೆಯನ್ನು ತುಳಿಯುತ್ತೇವೆಯೇ?

ಕಾಫಿ ಹೂ ಬಿಟ್ಟ ದಿನಗಳಲ್ಲೇ ಅವರ ಹೊಸ ವರ್ಷ. ಆ ಸಲ ನನ್ನನ್ನೂ ನಾದಿನಿಯನ್ನೂ ಊಟಕ್ಕೆ ಕರೆದಳು. ನಾವು ಮಾಂಸ ತಿನ್ನುವವರಲ್ಲವೆಂದು ಕ್ಯಾರೆಟ್, ದ್ರಾಕ್ಷಿ ಹಾಕಿ ಬರೀ ಅನ್ನದ ಪಲಾವ್ ಮಾಡಿದ್ದಳು. ಏಳು ಬಗೆಯ ಒಣಹಣ್ಣುಗಳನ್ನು ನೀರಿನಲ್ಲಿ ನೆನೆಸಿಟ್ಟಿದ್ದಳು. ನಮ್ಮ ತೋಟದ ಏಲಕ್ಕಿ ಹಾಕಿದ ಟೀಯನ್ನು ಲೋಟ ಖಾಲಿಯಾದಂತೆಲ್ಲ ತುಂಬುತ್ತಿದ್ದಳು. ಊಟವಾದ ಮೇಲೆ ನಾದಿನಿ ಬಟ್ಟೆಯ ಅಂಚು ಸವರುತ್ತಾ, “ಎಷ್ಟು ಚೆನ್ನಾಗಿದೆ ನೋಡಿ ಅತ್ತಿಗೆ!” ಎಂದಳು.

ಹುಡುಗಿ ತಕ್ಷಣ, “ತಗೊಳ್ಳಿ ಆಂಟಿ, ಇದು ನಿಮ್ಮದೇ,” ಎಂದಳು.

“ಅಯ್ಯೋ, ಬೇಡಮ್ಮಾ.”

“ಇಲ್ಲ ಇಲ್ಲ, ನಿಮ್ಮದೇ.”

“ಸರಿ ಹಂಗಾದ್ರೆ, ಇಷ್ಟೊಂದು ಹೇಳ್ತಿದೀಯಲ್ಲ,” ಎಂದ ನಾದಿನಿ ಬಟ್ಟೆ ಕೊಡವಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಎದ್ದೇಬಿಟ್ಟಳು. ಹುಡುಗಿ ನಗುತ್ತಲೇ ಅವಳ ಚಪ್ಪಲಿ ತಿರುಗಿಸಿಟ್ಟಳು. ಆ ನಗು ನನಗೆ ಸರಿ ಕಾಣಲಿಲ್ಲ.

ನಾದಿನಿ ಹೋದ ಮೇಲೆ ನಾನು ಬಿಡದೆ ಕೇಳಿದೆ. ಅವರಲ್ಲಿ ಅತಿಥಿ ಒಂದು ವಸ್ತುವನ್ನು ಹೊಗಳಿದರೆ ಮನೆಯವರು ‘ನಿಮ್ಮದೇ’ ಎನ್ನಲೇಬೇಕಂತೆ. ‘ನಿಮ್ಮ ಮನೆಯಲ್ಲೇ ಬರಕತ್ತಾಗಿರಲಿ’ ಎಂದು, ಅಂದರೆ ನಿಮ್ಮಲ್ಲೇ ಇದ್ದು ಸಮೃದ್ಧಿ ತರಲಿ ಎಂದು, ಅತಿಥಿ ಅದನ್ನು ಅಲ್ಲೇ ಬಿಡಬೇಕಂತೆ. ಎಷ್ಟು ಸಲ ಕೊಟ್ಟರೂ ಬಿಡಬೇಕಂತೆ.

“ಎಂಥಾ ಶಾಸ್ತ್ರನೇ ಇದು! ತಗೊಳ್ಳೋರು ಸಿಕ್ಕಿದ್ರೆ ಮನೆ ಬೋಳಾಗಲ್ವಾ?” ಎಂದು ರೇಗಿದೆ.

“ನಮ್ಮಲ್ಲಿ ಯಾರೂ ತಗೊಳ್ಳಲ್ಲ ಖಾಲಾ. ಅವರಿಗೆ ಗೊತ್ತಿರಲಿಲ್ಲ. ತಪ್ಪು ಅವರದಲ್ಲ.”

“ನಾನು ಹೋಗಿ ಕೇಳಿ ತರ್ತೀನಿ.”

ಅವಳು ನನ್ನ ಕೈ ಹಿಡಿದುಕೊಂಡಳು. ಕೊಟ್ಟದ್ದನ್ನು ವಾಪಸು ಕೇಳಿದರೆ ಅವಳ ಅಮ್ಮನ ಮುಖಕ್ಕೆ ಮಸಿ ಬಳಿದಂತೆ. ಕೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟೆ, ಹಲ್ಲು ಕಚ್ಚಿಕೊಂಡು. ಮರುದಿನದಿಂದ ಅವಳ ನೆಲದ ಮೇಲೆ ಹಳೆಯ ಪೇಪರ್ ಹಾಸಿರುತ್ತಿತ್ತು. ಅದರ ಮೇಲೆ ರೊಟ್ಟಿ ಇಡುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಾದಿನಿಯ ಮುಂದೆ ಸುತ್ತಿ ಬಳಸಿ ಆಡಿ ನೋಡಿದೆ. ತಾಯಿ ಹೊಲಿದದ್ದಂತೆ, ತಾಯಿಗೆ ಕಣ್ಣು ಹೋಗಿದೆಯಂತೆ ಎಂದೆ. “ಪಾಪ,” ಎಂದಳು. ಇನ್ನೂ ಸ್ವಲ್ಪ ಎಳೆದಾಗ, “ಅವಳೇ ಕೊಟ್ಟಿದ್ದಲ್ವಾ ಅತ್ತಿಗೆ? ನಾನೇನ್ ಕಿತ್ಕೊಂಡ್ ಬಂದ್ನಾ?” ಎಂದಳು. ಮಾತಿನ ಪ್ರಕಾರ ಅವಳದೇ ಸರಿ. ಸರಿಯಾಗಿರುವವರ ಮೇಲೆ ಬರುವ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ಓದು ಮುಗಿಯಿತು. ದೂರದ ಇನ್ನೊಂದು ದೇಶದಲ್ಲಿ ಅವಳಿಗೆ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ನಾದಿನಿ ನಮ್ಮಿಬ್ಬರನ್ನೂ ಹೋಂಸ್ಟೇಗೆ ಊಟಕ್ಕೆ ಕರೆದಳು. “ನಿಂಗೊಂದು ತೋರಿಸ್ಬೇಕು ಬಾ,” ಎಂದು ಹುಡುಗಿಯನ್ನು ಸಡಗರದಿಂದ ಮೇಲಿನ ಕೋಣೆಗೆ ಕರೆದೊಯ್ದಳು. ನಾನೂ ಹಿಂದೆಯೇ ಹತ್ತಿದೆ.

ದೊಡ್ಡ ಹೋಟೆಲುಗಳಲ್ಲಿ ಹಾಸಿಗೆಯ ಕಾಲುದೆಸೆಗೆ ಅಡ್ಡಲಾಗಿ ಒಂದು ಪಟ್ಟಿ ಹಾಸಿರುತ್ತಾರಲ್ಲ, ಶೂ ಹಾಕಿಕೊಂಡೇ ಕಾಲು ಚಾಚುವವರಿಗಾಗಿ, ಹಾಗೆ ಹಾಸಿದ್ದಳು ಆ ದಸ್ತರ್‌ಖಾನನ್ನು. ಅದರ ಮೇಲೆ ಯಾರೋ ಟೂರಿಸ್ಟು ಬಿಚ್ಚಿಟ್ಟು ಹೋದ ಕೆಸರು ಹತ್ತಿದ ಬೂಟುಗಳು.

“ಎಲ್ಲರೂ ಫೋಟೋ ತಕ್ಕೊಂಡ್ ಹೋಗ್ತಾರೆ, ಗೊತ್ತಾ?” ಎಂದಳು ನಾದಿನಿ.

ಹುಡುಗಿ ಬಗ್ಗಿ ಬೂಟುಗಳನ್ನು ಎತ್ತಿ ನೆಲಕ್ಕಿಟ್ಟಳು. ಬಾಗಿಲಿನ ಕಡೆಗೆ ಮುಖ ಮಾಡಿ, ಜೋಡಿಸಿ. ಬಟ್ಟೆಗೆ ಹತ್ತಿದ ಮಣ್ಣು ಒರೆಸಿದಳು. “ಚೆನ್ನಾಗಿದೆ ಆಂಟಿ,” ಎಂದಳು. ಅತಿಥಿಯಾಗಿ ಬಂದಿದ್ದಳಲ್ಲ, ಹಾಗೆನ್ನಲೇಬೇಕಿತ್ತು.

ನಾದಿನಿಗೆ ಆ ಬೂಟೂ ಕಾಣಲಿಲ್ಲ, ಆ ಮುಖವೂ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ. ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ನಾನು ಕೇಳಲಿಲ್ಲ, ಬೈದೆ. “ಉಂಡ ಎಲೆ ಮೇಲೆ ಯಾರ್ದೋ ಬೂಟು ಇಡ್ತೀಯೇನೇ? ಅನ್ನ ತಿಂದಿದ್ದು ಇದರ ಮೇಲೇ ಅಲ್ವೇನೇ ನೀನು? ಆ ಬೋರ್ಡನ್ನ ಮೊದಲು ಕಿತ್ತು ಒಲೆಗೆ ಹಾಕು!” ಇನ್ನೂ ಏನೇನೋ ಅಂದೆ. ಅವಳ ಮದುವೆಯ ಕಾಲದಿಂದ ಕೂಡಿಟ್ಟದ್ದೆಲ್ಲ ಬಂತು. ಹುಡುಗಿ “ಖಾಲಾ, ಖಾಲಾ” ಎಂದು ಸೆರಗು ಎಳೆಯುತ್ತಿದ್ದಳು.

ನಾದಿನಿ ಬಟ್ಟೆಯನ್ನು ಹಾಸಿಗೆಯಿಂದ ಸೆಳೆದು ನನ್ನ ಮೇಲೆ ಎಸೆದಳು. “ತಗೊಳ್ಳಿ, ನೀವೇ ಇಟ್ಕೊಳ್ಳಿ! ಒಂದು ಬಟ್ಟೆಗೆ ಇಷ್ಟು ಮಾತಾ?” ಅವಳಿಗೆ ಅಳು ಬಂದಿತ್ತು. ಬರಲಿ ಎಂದುಕೊಂಡೆ, ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ.

ಮನೆಗೆ ಬಂದು ಬಟ್ಟೆ ಒಗೆದು ಒಣಗಿಸಿದೆ. ಹುಡುಗಿ ಮುಟ್ಟಲಿಲ್ಲ. “ಆಂಟಿ ಅದನ್ನ ನಿಮಗೆ ಕೊಟ್ಟರು. ನನ್ನದಲ್ಲ,” ಎಂದಳು. ಎಷ್ಟು ಬೇಡಿದರೂ ಅಷ್ಟೇ. ಆ ಶಾಸ್ತ್ರದ ಮೇಲೂ ನನಗೆ ಕೆಂಡದಂಥ ಕೋಪ ಬಂತು.

ಬೆಳಿಗ್ಗೆ ಅವಳ ತಿಂಡಿಗೆ ನನ್ನ ನಡುಮನೆಯ ನೆಲದ ಮೇಲೆ ಅದನ್ನೇ ಹಾಸಿ ಅಕ್ಕಿರೊಟ್ಟಿ ಬಡಿಸಿದೆ. ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು.

“ಹೆಂಗಿದೆ ನಮ್ಮನೆ ಬಟ್ಟೆ?” ಎಂದೆ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. “ತುಂಬಾ ಚೆನ್ನಾಗಿದೆ ಖಾಲಾ,” ಎಂದಳು.

“ತಗೋ, ನಿಂದೇ.”

“ನಿಮ್ಮ ಮನೆಯಲ್ಲೇ ಬರಕತ್ತಾಗಿರಲಿ.”

“ನಿಮ್ಮೂರಿನ ಶಾಸ್ತ್ರ ನಿಮ್ಮೂರಲ್ಲಿ,” ಎಂದು ಗದರಿದೆ. “ನೀನೀಗ ಕೂತಿರೋದು ನನ್ನ ಮನೇಲಿ. ಇಲ್ಲಿ ಕೊಟ್ರೆ ತಗೊಳ್ತಾರೆ. ನೋಡಿಲ್ವಾ ನೀನು?”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಚೂರುಗಳನ್ನು ಆರಿಸಿ ಕಿಟಕಿಯ ಮೇಲಿಟ್ಟು, ಬಟ್ಟೆ ಕೊಡವಿ, ಮಡಚಿ, ಥೇಟ್ ನನ್ನ ನಾದಿನಿಯ ಹಾಗೆಯೇ ಕಂಕುಳಲ್ಲಿಟ್ಟುಕೊಂಡು ಎದ್ದಳು.