ಒಣದ್ರಾಕ್ಷಿಯ ಪಕ್ಕದಲ್ಲಿ ಮೆಮೊರಿ ಚಿಪ್

ಅಂಗಡಿಗಳಿಗೆ ಕಂಪ್ಯೂಟರ್ ಬಿಡಿಭಾಗ ಒದಗಿಸುವುದು ಆಗ ನನ್ನ ಕೆಲಸ. ಅಥಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅಪ್ಪಾಸಾಹೇಬರು ಒಂದು ದಿನ ನನ್ನನ್ನು ಊರಾಚೆಯ ಕೋಲ್ಡ್ ಸ್ಟೋರೇಜಿಗೆ ಕರೆದೊಯ್ದರು. ಅವರ ತೋಟದ ಒಣದ್ರಾಕ್ಷಿ ಬಾಕ್ಸುಗಳ ಪಕ್ಕದಲ್ಲಿ, ನಾನೇ ಮಾರಿದ್ದ ಮೆಮೊರಿ ಚಿಪ್‌ಗಳ ಡಬ್ಬಿ ತಣ್ಣಗೆ ಕೂತಿತ್ತು.

"ರೇಟ್ ಬಿದ್ದೈತ್ರಿ. ಏರೂತನಕ ಇಲ್ಲೇ ಇರಲಿ ಅಂತ ಇಟ್ಟೇನಿ," ಎಂದರು.

ಅಂಗಡಿಯ ಬಂಡವಾಳವೆಲ್ಲ ಆ ಡಬ್ಬಿಯಲ್ಲಿ ಸಿಕ್ಕಿಕೊಂಡಿತ್ತು.

"ಸಾವಕಾರ್ರ, ಒಣದ್ರಾಕ್ಷಿ ತಡೀತೈತಿ, ಇದು ತಡಿಯೂದಿಲ್ಲ. ಹೊಸಾ ನಮೂನಿ ಬಂದ್ರ ಇದನ್ನ ಯಾರೂ ಕೇಳೂದಿಲ್ಲ. ಮಾರಿಬಿಡ್ರಿ," ಎಂದೆ.

"ಮಾಲು ಹೆಚ್ಚಾಗಿದ್ರ ಕಾರ್ಖಾನಿಯವ್ರು ಮಾಡೂದು ನಿಲ್ಲಸಬೇಕಲ್ಲರಿ?"

"ಮೊದಲ ನಿಲ್ಲಿಸಿದವನ ಗಿರಾಕಿ ಇನ್ನೊಬ್ಬನ ಕಡೆ ಹೋಗ್ತಾರ. ಅದಕ್ಕ ಲುಕ್ಸಾನ ಆದ್ರೂ ಎಲ್ಲಾರೂ ಮಾಡಾಕತ್ತಾರ."

ಅವರು ಜೋರಾಗಿ ನಕ್ಕರು. "ಹಂಗಾರ ನಮ್ಮ ಅಣ್ಣಾಂದೂ ನಂದೂ ಕತಿ ಆತು ಬಿಡ್ರಿ. ದ್ರಾಕ್ಷಿನೂ ಹೆಚ್ಚಾಗಿ ರೇಟ್ ಬಿದ್ದೈತಿ; ಅಂವಾ ಮೊದಲ ಬಳ್ಳಿ ಕೀಳಲಿ ಅಂತ ನಾ ಕುಂತೇನಿ, ನಾ ಕೀಳಲಿ ಅಂತ ಅಂವಾ ಕುಂತಾನ."

ಆ ವಾರವೇ ಅವರು ಸಿಕ್ಕ ಬೆಲೆಗೆ ಅಷ್ಟನ್ನೂ ಮಾರಿದರು. ಕೆಲವು ತಿಂಗಳಲ್ಲಿ ದೂರದೇಶದ ಕಾರ್ಖಾನೆಗಳು ಸುಸ್ತಾಗಿ ಉತ್ಪಾದನೆ ತಗ್ಗಿಸಿದವು. ಅದೇ ಚಿಪ್‌ನ ಬೆಲೆ ಎಷ್ಟು ಏರಿತೆಂದರೆ, ಅವರ ಅಂಗಡಿಯ ಮೆಟ್ಟಿಲು ಹತ್ತಲು ನನಗೆ ಕಾಲೇ ಬರಲಿಲ್ಲ.

ಕೊನೆಗೊಂದು ದಿನ ಹೋದಾಗ ಅಪ್ಪಾಸಾಹೇಬರು ಆ ಮಾತೆತ್ತದೆ ಚಹಾ ಕುಡಿಸಿದರು. ಹೊರಟಾಗ ಒಣದ್ರಾಕ್ಷಿಯ ಪೊಟ್ಟಣವೊಂದನ್ನು ಕೈಗಿಟ್ಟರು.

"ಸರ, ಇದನ್ನ ಇಡಬ್ಯಾಡ್ರಿ. ಹಾದ್ಯಾಗ ತಿಂದ ಬಿಡ್ರಿ."

ಕಾಗವಾಡ ಬರುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು. ಮರುದಿನ ಒಣದ್ರಾಕ್ಷಿಯ ರೇಟು ಏನಾಯಿತೆಂದು ನಾನು ವಿಚಾರಿಸಲು ಹೋಗಲಿಲ್ಲ.