ತಿದ್ದಕ್ಕ ಬಿಟ್ಟ ಒಂದು ತಪ್ಪು

ಇಪ್ಪತ್ತೇಳು ವರ್ಷ ನಾವಿಬ್ಬರೂ ಒಂದೇ ಮೇಜಿನ ಎದುರುಬದುರು ಕೂತಿದ್ದೆವು. ಮುದ್ರಣಾಲಯದ ಹಿಂದಿನ ಕೋಣೆ, ಗೋಡೆಯಾಚೆ ಯಂತ್ರದ ಸದ್ದು. ಲೇಖಕರ ಕೈಬರಹವನ್ನು ನಾನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳುತ್ತ. ಅವಳು ಅಚ್ಚಾದ ಪ್ರೂಫಿನ ಮೇಲೆ ಕಣ್ಣಿಟ್ಟು ಕೆಂಪು ಪೆನ್ನಿನಲ್ಲಿ ತಪ್ಪು ಹಿಡಿಯಬೇಕು. ಅವಳ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಆಚೆ ಹೋಗುತ್ತಿರಲಿಲ್ಲ. ತನಗೆ ಬಂದ ಕಾಗದಗಳನ್ನೂ ತಿದ್ದಿಯೇ ಎತ್ತಿಡುತ್ತಿದ್ದಳು. "ಇವರ ಕೈಗೆ ಸಿಕ್ಕರೆ ಯಮನ ಪಟ್ಟಿನೂ ವಾಪಸ್ ಹೋಗತ್ತೆ" ಎಂದು ಯಂತ್ರ ನಡೆಸುವವನು ಹೇಳುತ್ತಿದ್ದ. ತಿದ್ದಕ್ಕ ಎಂದು ಕರೆಯಲು ಶುರುಮಾಡಿದ್ದೂ ಅವನೇ. ಆಮೇಲೆ ಎಲ್ಲರಿಗೂ ಅವಳು ತಿದ್ದಕ್ಕನೇ, ನನಗೂ.

ಮದುವೆಯಾಗಿರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ತಂಗಿಯ ಜೊತೆ ಇದ್ದಳು. ನಾವು ನಿವೃತ್ತರಾದ ಕೆಲವು ವರ್ಷಕ್ಕೆ ಆ ತಂಗಿ ತೀರಿಕೊಂಡಳು. ತಿದ್ದಕ್ಕ ಗೋಳಾಡಲಿಲ್ಲ. ಬರಬರುತ್ತ ತಲೆ ಬಾಚುವುದು ಬಿಟ್ಟಳು, ಓದುವುದು ಬಿಟ್ಟಳು. ಮಡಿಕೆ ಬಿಚ್ಚದ ಪತ್ರಿಕೆಗಳು ಬಾಗಿಲ ಹಿಂದೆ ಮೊಣಕಾಲೆತ್ತರ ಬೆಳೆದವು.

"ಅಳೂ ಬರಲ್ಲ ಕಣೇ" ಎಂದಳು ಒಂದು ದಿನ. "ಬೆಳಗಾಗತ್ತಲ್ಲ, ಅದೇ ದೊಡ್ಡ ತೊಂದರೆ."

ನನಗೆ ನಿಜಕ್ಕೂ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಕೆಳಗೆ ಮೆಟ್ಟಿಲ ಬಳಿ ಯಾರೋ ಒತ್ತು ಬಿಟ್ಟು 'ಬಾಗಿಲು ಮುಚಿ' ಎಂದು ಚೀಟಿ ಅಂಟಿಸಿದ್ದರು. ವಾರಗಟ್ಟಲೆ ಅದು ಹಾಗೆಯೇ ಇತ್ತು. ಅವಳು ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದಳು.

ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಖಿನ್ನತೆ ಎಂದರು ಡಾಕ್ಟರು. ಮಾತ್ರೆ ಕೊಟ್ಟು, ಜೊತೆಗೆ ವಯಸ್ಸಾದವರಿಗೆಂದೇ ನಡೆಸುವ ಎಂಟು ವಾರದ ಮೈಂಡ್‌ಫುಲ್‌ನೆಸ್ ಧ್ಯಾನದ ತರಗತಿಗೆ ಹೆಸರು ಬರೆಸಿದರು. "ಅರ್ಧಕ್ಕೆ ಬಿಟ್ಟರೆ ಮತ್ತೆ ಎಬ್ಬಿಸೋದು ಕಷ್ಟ" ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಎರಡನೇ ವಾರಕ್ಕೇ ಬಿಡುತ್ತಾಳೆ ಎಂದುಕೊಂಡೆ.

ಮೊದಲ ಮಂಗಳವಾರ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ಉಸಿರಾಡೋದು ಕಲಿಸ್ತಾರಂತೆ. ಅರವತ್ತೊಂಬತ್ತು ವರ್ಷ ನಾನೇನು ಮಾಡ್ತಿದ್ದೆ ಹಾಗಾದ್ರೆ?"

"ಬೇರೇನು ಹೇಳಿದರು?"

"ಯೋಚನೆ ಬಂದ್ರೆ ಬೈಬೇಡಿ, ತಿದ್ದಬೇಡಿ, ಇರಲಿ ಅನ್ನಿ ಅಂತಾಳೆ ಆ ಕಲಿಸೋ ಹುಡುಗಿ. ನನಗೆ ಹೇಳ್ತಾಳಲ್ಲ."

ಇಬ್ಬರೂ ನಕ್ಕೆವು. ನಮ್ಮ ಕೆಲಸದಲ್ಲಿ 'ಇರಲಿ' ಎಂಬುದು ಒಂದು ಗುರುತು. ಸರಿಯಿದ್ದುದನ್ನೇ ತಪ್ಪೆಂದು ಹೊಡೆದುಹಾಕಿದ್ದರೆ, ಆ ಪದದ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತೇವೆ. ತಿದ್ದಕ್ಕ ಹಾಗೆ ಬರೆದದ್ದನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ.

ತರಗತಿಯಲ್ಲಿ ಕೊಟ್ಟ ಹಾಳೆಯನ್ನು ನನ್ನ ಮುಂದೆ ಹಿಡಿದಳು. 'ಕಣ್ಣು ಮುಚ್ಚಿ ಕುಳಿತುಕೊಳ್ಳಿ. ನಿಮ್ಮ ಹೆಸರು ಒಳಗೆ ಬರುವುದನ್ನು ಗಮನಿಸಿ, ಹೊರಗೆ ಹೋಗುವುದನ್ನು ಗಮನಿಸಿ.' ಉಸಿರು ಎಂದಿರಬೇಕಾದಲ್ಲಿ ಹೆಸರು ಎಂದು ಅಚ್ಚಾಗಿತ್ತು.

ನನಗೆ ಒಳಗೊಳಗೇ ಖುಷಿ. ಇದನ್ನು ತಿದ್ದಿಕೊಡುವ ನೆಪಕ್ಕಾದರೂ ಇನ್ನೊಂದು ವಾರ ಹೋಗುತ್ತಾಳೆ. ಹೋದಳು. ಅದರ ಮುಂದಿನ ವಾರವೂ ಹೋದಳು. ಮಂಡಿ ಊದಿಕೊಂಡಿದ್ದ ವಾರ ಆಟೋ ಮಾಡಿಕೊಂಡು ಹೋದಳು. ಅಂತೂ ಉಸಿರು ಕೈಹಿಡಿಯಿತು ಎಂದುಕೊಂಡೆ. ಹಾಗೆಂದು ಹೇಳಿಯೂಬಿಟ್ಟೆ.

"ಉಸಿರೂ ಇಲ್ಲ, ಗಿಸಿರೂ ಇಲ್ಲ" ಎಂದಳು. "ಆ ಹುಡುಗಿ ಮೊದಲು ಹಾಜರಿ ಕರೀತಾಳೆ. ಪೂರ್ತಿ ಹೆಸರು ಹಿಡಿದು. ತಂಗಿಯೊಬ್ಬಳೇ ಅಕ್ಕ ಅನ್ನದೆ ಹೆಸರು ಹಿಡೀತಿದ್ದಳು, ಅವಳು ಹೋದಮೇಲೆ ಯಾರೂ ಕರೆದಿರಲಿಲ್ಲ. ಬಂದಿದ್ದೀನಿ ಅಂತೀನಿ. ಒಂದು ವಾರಕ್ಕೆ ಅಷ್ಟು ಸಾಕಾಗತ್ತೆ."

ನನ್ನ ಕಡೆ ತಿರುಗಿದಳು. "ನೀನೊಂದು ಸಲ ಕರಿ ನೋಡೋಣ."

ನಾನು ಬಾಯಿ ತೆರೆದೆ. "ತಿದ್ದಕ್ಕಾ" ಎಂದೇ ಬಂತು. ನಾಲಿಗೆ ಬೇರೆ ದಾರಿ ಅರಿಯದು. ಅವಳು ನಕ್ಕು, "ಇರಲಿ ಬಿಡು" ಎಂದಳು. ಮುಂದಿನ ಸಲ ಕರೆದರಾಯಿತು ಎಂದುಕೊಂಡೆ.

ಎಂಟನೇ ಮಂಗಳವಾರಕ್ಕೆ ಎರಡು ದಿನವಿರುವಾಗ, ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ಹೃದಯ ನಿಂತಿತ್ತು. ತರಗತಿಗೆ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಂಗಳವಾರ ಆ ಹುಡುಗಿಯೇ ಫೋನ್ ಮಾಡಿದಳು. ವಿಷಯ ಹೇಳಿದೆ.

"ಈಗ ತಾನೆ ಹಾಜರಿ ಕರೆದೆ ಅಮ್ಮ" ಎಂದಳು. "ಎರಡು ಸಲ ಕರೆದೆ."

ಮನೆ ಖಾಲಿ ಮಾಡಿಸಲು ಹೋದ ದಿನ ಮೆಟ್ಟಿಲ ಬಳಿ ಕಾಲು ನಿಂತಿತು. 'ಮುಚಿ'ಯ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಚ ಒತ್ತು. ಯಾವಾಗ ಹಾಕಿದ್ದಳೋ, ನಾನು ನೋಡಿರಲಿಲ್ಲ.

ಮೇಲೆ, ಅವಳ ಮೇಜಿನ ಖಾನೆಯಲ್ಲಿ ಆ ಹಾಳೆ ಸಿಕ್ಕಿತು. 'ಹೆಸರು' ಪದವನ್ನು ಕೆಂಪಿನಲ್ಲಿ ಹೊಡೆದಿದ್ದಳು. ಆಮೇಲೆ ಅದರ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟಿದ್ದಳು. ಅಂಚಿನಲ್ಲಿ ಅವಳ ದುಂಡು ಅಕ್ಷರ: ಇರಲಿ.

ಅವಳ ಕುರ್ಚಿಯ ಎದುರು ಕೂತು ಹಾಳೆಯನ್ನು ಗಟ್ಟಿಯಾಗಿ ಓದಿದೆ, ಹಿಂದಿನಂತೆಯೇ, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಹೇಳುತ್ತ. ಹೆಸರು ಎಂದಿದ್ದಲ್ಲಿ ಹೆಸರು ಎಂದೇ ಓದಿದೆ. ಮುಗಿದಮೇಲೆ ಅವಳನ್ನು ಹೆಸರು ಹಿಡಿದು ಕರೆದೆ, ಪೂರ್ತಿಯಾಗಿ. ಈಗ ನಾಲಿಗೆ ತಡವರಿಸಲಿಲ್ಲ. ಇನ್ನೊಂದು ಸಲವೂ ಕರೆದೆ.

ಆಮೇಲೆ ಬಾಗಿಲು ಮುಚ್ಚಿ ಇಳಿದು ಬಂದೆ.