ಫೋಟೋದ ಅಂಚಿನ ಹೆಬ್ಬೆರಳು

ಹಿಂದೂಪುರದ ಡಾಕ್ಟರ ಮೇಲೆ ತಿಪ್ಪೇರುದ್ರಪ್ಪನ ಸಿಟ್ಟು ಇವತ್ತಿಗೂ ಆರಿಲ್ಲ. ಮುಖ ತೋರಿಸದ ಮನುಷ್ಯ ಅವನು. ಕಲ್ಯಾಣದುರ್ಗದ ಆಸ್ಪತ್ರೆಯ ಕೋಣೆಯಲ್ಲಿ ಇವನು ರೋಗಿಗಳ ಚರ್ಮದ ಫೋಟೋ ತೆಗೆಯಬೇಕು, ನರ್ಸ್ ಪುಷ್ಪಲತಾ ಕಂಪ್ಯೂಟರಿನಲ್ಲಿ ಕಳಿಸಬೇಕು, ಆಮೇಲೆ ಹಿಂದೂಪುರದಿಂದ ಸ್ಪೀಕರಿನಲ್ಲಿ ಅವನ ದನಿ ಬರಬೇಕು. ದನಿ ಬಂದರೆ ಮುಖ ಬರುವಷ್ಟು ಲೈನು ಇರಲಿಲ್ಲ. ಬಂದ ದನಿಯೂ ಬೈಗುಳವೇ. "ಫೋಟೋದೊಳಗೆ ನಿನ್ನ ಬೆರಳು ಬರ್ತಿದೆ ಕಣಯ್ಯ. ತೆಗಿ."

ಊರೂರಿನ ಮದುವೆ ಫೋಟೋ ತೆಗೆದವನಿಗೆ ಈ ಮಾತು! ಕಲೆ ಎಷ್ಟಗಲ ಅಂತ ತಿಳಿಯಬೇಕಾದರೆ ಪಕ್ಕದಲ್ಲಿ ಸ್ಕೇಲು ಹಿಡಿಯಬೇಕು. ಹಿಡಿದರೆ ಬೆರಳು ಬಾರದೆ ಇನ್ನೇನು ಬರುತ್ತೆ?

ಎರಡು ಸಾವಿರದ ಏಳರ ಬೇಸಿಗೆ. ಕಂಬದೂರಿನಿಂದ ಕುರಿ ಕಾಯುವ ಬೀರಕ್ಕ ಬಂದಳು. ಬೆನ್ನ ತುಂಬ ಬಿಳಿ ಮಚ್ಚೆ.

"ತೊನ್ನು ಅಂತಾರೆ ಕಣಪ್ಪ. ನಲ್ಲೀತಾವ ನಿಲ್ಲಕ್ಕೂ ಬಿಡಲ್ಲ."

ಫೋಟೋ ಹೋಯಿತು. ಸ್ಪೀಕರಿನಲ್ಲಿ ದನಿ ಬಂತು.

"ಬೆನ್ನಿಗೆ ಏನಿಲ್ಲ, ಬರೀ ಚಿಬ್ಬು. ಮುಲಾಮು ಸಾಕು. ಆ ಹೆಬ್ಬೆರಳು ನಿಂದೇನಾ?"

"ನಂದೇ ಸಾಮಿ! ಕೊಯ್ದು ಬಿಸಾಕ್ಲಾ?"

ದನಿ ಬೈಯಲಿಲ್ಲ. ಇವನಿಗೆ ಹೆದರಿಕೆಯಾಗಿದ್ದು ಅದಕ್ಕೇ.

"ಕಣ್ಣು ಮುಚ್ಚು. ಸಿಸ್ಟರ್, ಆ ಬೆರಳಿಗೆ ಪೆನ್ನಿನ ಮೊನೆ ಮುಟ್ಟಿಸಿ."

ಕಣ್ಣು ಮುಚ್ಚಿ ಕಾದ. ಕಾದ. "ಮುಟ್ಟಮ್ಮೋ, ಎಷ್ಟೊತ್ತು?"

ಕಣ್ಣು ಬಿಟ್ಟರೆ ಪೆನ್ನಿನ ಮೊನೆ ಬೆರಳೊಳಗೆ ಒತ್ತಿ ನಿಂತಿತ್ತು. ಸುತ್ತ ಆಗಲೇ ಮುಟ್ಟಿಸಿದ್ದ ಪೆನ್ನಿನ ನೀಲಿ ಚುಕ್ಕೆಗಳು.

ಬೀರಕ್ಕ ಗೋಡೆಗೆ ಸರಿದಳು. "ಅಮ್ಮೋ! ಅದು ನಿನ್ ಬೆರಳಲ್ಲ ಕಣಪ್ಪ. ಇನ್ಯಾರ್ದೋ ಬಂದು ಸೇರ್ಕೊಂಡೈತೆ."

ಪುಷ್ಪಲತಾ ಹಳೆಯ ಫೋಟೋಗಳನ್ನು ತೆರೆದಳು. ಯಾರದೋ ಮಂಡಿ, ಯಾರದೋ ಕತ್ತು, ಅಂಚಿನಲ್ಲಿ ಆ ಹೆಬ್ಬೆರಳು. ಫೋಟೋದಿಂದ ಫೋಟೋಕ್ಕೆ ಬಣ್ಣ ಕಳಕೊಳ್ಳುತ್ತ ಬಂದಿತ್ತು. ಒಂದರಲ್ಲಿ ಬೀಡಿ ಸುಟ್ಟ ಬೊಬ್ಬೆ. ಸುಟ್ಟಿದ್ದೇ ಇವನಿಗೆ ಗೊತ್ತಿರಲಿಲ್ಲ. ಇವನು ಊರಿನವರ ಚರ್ಮ ನೋಡುತ್ತಿದ್ದಾಗ ಅದು ಅಂಚಿನಲ್ಲಿ ನಿಂತು ಇವನನ್ನೇ ನೋಡುತ್ತಿತ್ತು.

"ಕುಷ್ಠದ ಗುರುತು," ಎಂದಿತು ದನಿ. "ನಾಳೆಯೇ ಅನಂತಪುರದಲ್ಲಿ ತೋರಿಸು. ತಡ ಮಾಡಿದರೆ ಕೈ ಮುರುಟುತ್ತೆ. ಆಮೇಲೆ ಕ್ಯಾಮೆರಾ ಹಿಡಿಯೋಕಾಗಲ್ಲ."

ಅಲ್ಲಿಯೂ ಅದೇ ಎಂದರು. ತಿಂಗಳುಗಟ್ಟಲೆ ಗುಳಿಗೆ ನುಂಗಿದ. ಹೆಬ್ಬೆರಳಿಗೆ ಸ್ಪರ್ಶ ಪೂರಾ ಮರಳಲಿಲ್ಲ, ಆದರೆ ಕೈ ಉಳಿಯಿತು.

ಆ ಕೈಯನ್ನು ತೋರಿಸಲೆಂದೇ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದ. ಅಲ್ಲಿಯ ಆಸ್ಪತ್ರೆಯ ಕೋಣೆಯಲ್ಲಿ ದೂಳು ಹಿಡಿದ ಪೆಟ್ಟಿಗೆ, ಜೋತುಬಿದ್ದ ವೈರು, ಗುಡಿಸುವ ನಾರಮ್ಮ.

"ಡಾಕ್ಟ್ರಾ? ಇಲ್ಲಿ ಯಾರೂ ಕೂತಿದ್ದೇ ಇಲ್ಲ ಕಣಣ್ಣ. ದನಿ ಎಲ್ಲಿಂದ್ಲೋ ಈ ಪೆಟ್ಟಿಗೇಗೆ ಬತ್ತಿತ್ತು, ಇಲ್ಲಿಂದ ನಿಮ್ತಾವ ಹೋಯ್ತಿತ್ತು. ಈಗ ನಿಂತೋಯ್ತು."

"ಹೆಸರು?"

"ದನಿಗೆಂಥಾ ಹೆಸರಣ್ಣ?"

ಕೈ ಉಳಿಸಿದ್ದಕ್ಕೆ ಹೇಳಬೇಕಿದ್ದ ಮಾತು ಒಂದೇ. ಆ ಡಾಕ್ಟರು ಅದನ್ನು ಹೇಳಿಸಿಕೊಳ್ಳದೆ ಹೋದನಲ್ಲ ಎಂಬುದೇ ಇವನ ಸಿಟ್ಟು. ಈಗಲೂ ಮದುವೆ ಫೋಟೋದ ಅಂಚಿನಲ್ಲಿ ಬೇಕಂತಲೇ ಹೆಬ್ಬೆರಳು ಬಿಡುತ್ತಾನೆ. ಮದುವೆ ಮನೆಯವರೆಲ್ಲ ಬೈಯುತ್ತಾರೆ. ಬೈಯಬೇಕಾದ ದನಿ ಮಾತ್ರ ಬಂದಿಲ್ಲ.